ಬಾಗಿಲ ದೀಪ ಆರಿಸಿದ ಬೀದಿ

ಮನೆಗೆ ಇನ್ನೂ ನಾಲ್ಕು ಲಕ್ಷ ಡಾಲರ್ ಬೆಲೆ ಬಂದಿರಲಿಲ್ಲ, ಅದಕ್ಕೇ ಗ್ರೆಚೆನ್ ಮತ್ತು ಕರ್ಟ್ ಇನ್ನೂ ಗಂಡ ಹೆಂಡತಿಯಾಗಿದ್ದರು.

ಹಿಂದಿನ ಚಳಿಗಾಲದಲ್ಲೇ ಇಬ್ಬರೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು, ದನಿ ಎತ್ತದೆ, ಬೇರೆಯಾಗುವುದೆಂದು ಮಾತಾಡಿ ಮುಗಿಸಿದ್ದರು. ವರ್ಷಗಟ್ಟಲೆ ಕಿತ್ತಾಡಿ ಸುಸ್ತಾದವರಿಗೆ ಬೈಯಲು ಹೊಸದೇನೂ ಉಳಿದಿರಲಿಲ್ಲ. ಆದರೆ ಮದುವೆಯಾಗಲು ಧೈರ್ಯವೊಂದಿದ್ದರೆ ಸಾಕು, ಬಿಡುಗಡೆಗೆ ಬಂಡವಾಳ ಬೇಕು. ಮನೆ ಮಾರಿ, ಬ್ಯಾಂಕಿನ ಸಾಲ ಕಳೆದು, ಉಳಿದದ್ದರಲ್ಲಿ ಇಬ್ಬರಿಗೂ ಒಂದೊಂದು ಸೂರಾಗಬೇಕೆಂದರೆ ನಾಲ್ಕು ಲಕ್ಷ ಬರಲೇಬೇಕು ಎಂದವನು ಕರ್ಟ್. ಅಲ್ಲಿಯವರೆಗೆ ಅವನು ನೆಲಮಾಳಿಗೆಯ ಸೋಫಾದ ಮೇಲೆ, ಅವಳು ಮೇಲಿನ ಕೋಣೆಯಲ್ಲಿ. ನುಂಗಿದರೆ ಗಂಟಲ ಕೇಡು, ಉಗುಳಿದರೆ ತುಪ್ಪದ ಕೇಡು ಅನ್ನುತ್ತಾರಲ್ಲ, ಅಂಥ ಸಂಸಾರ.

ಗ್ರೆಚೆನ್‌ಗೆ ಬೇಕಾಗಿದ್ದದ್ದು ಒಂದೇ. ಶಾಲೆಯ ಹಿಂದಿನ ಬೀದಿಯಲ್ಲಿ ಚಿಕ್ಕ ಚಿಕ್ಕ ಮನೆಗಳ ಸಾಲೊಂದಿದೆ, ಎರಡೇ ಕೋಣೆಯವು. ಅಂಥದ್ದೊಂದರಲ್ಲಿ ತಾನು ಮತ್ತು ಹತ್ತು ವರ್ಷದ ಮಗಳು ಬ್ರಿನ್, ಇಬ್ಬರೇ ಇರಬೇಕು. ಕರ್ಟ್ ಕೌಂಟಿ ಸರ್ಕಾರದ, ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುವವನು. ಚಳಿಗಾಲವಿಡೀ ಅವನಿಗೆ ರಾತ್ರಿ ಪಾಳಿ, ಹಾಗಾಗಿ ಮಗಳು ತಾಯಿಯ ಜೊತೆ ಹೋಗುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಇನ್ನೂ ಕೊಳ್ಳದ ಮನೆಯಲ್ಲಿ ಮಗಳ ಕೋಣೆಗೆ ಬಳಿಸುವ ಬಣ್ಣವನ್ನೂ ಗ್ರೆಚೆನ್ ಆರಿಸಿಟ್ಟಿದ್ದಳು.

ಮನೆಗೆ ಎಷ್ಟು ಬೆಲೆ ಎಂದು ಹೇಳುವುದು ಮೊಬೈಲು. ವಿಳಾಸ ಹಾಕಿದರೆ ಸಾಕು, ಮನೆಯೊಳಗೆ ಒಮ್ಮೆಯೂ ಕಾಲಿಡದ ಯಾವುದೋ ಯಂತ್ರ ಅಕ್ಕಪಕ್ಕ ಮಾರಾಟವಾದ ಮನೆಗಳನ್ನು ನೋಡಿ ಒಂದು ಅಂಕಿ ಉಗುಳುತ್ತದೆ. ಊರಿನಲ್ಲಿ ಮನೆಯಿದ್ದವರೆಲ್ಲ ಅದನ್ನು ನೋಡುವವರೇ. ಗ್ರೆಚೆನ್ ಬೆಳಿಗ್ಗೆ ಕಾಫಿ ಯಂತ್ರದ ಗುಂಡಿ ಒತ್ತುವ ಮೊದಲು ಅದನ್ನು ನೋಡುತ್ತಿದ್ದಳು. ನೆಲಮಾಳಿಗೆಯಿಂದ ಕರ್ಟ್ ತಲೆ ಕೆರೆಯುತ್ತ ಮೇಲೆ ಬರುತ್ತಿದ್ದ.

"ಇವತ್ತೆಷ್ಟು?"

"ಮೂರು ಲಕ್ಷದ ಎಂಬತ್ತೆರಡು ಸಾವಿರ."

"ಥೂ."

ಗಂಡ ಹೆಂಡಿರ ನಡುವೆ ದಿನಕ್ಕೆ ಇಷ್ಟು ಮಾತು. ಉಳಿದದ್ದೆಲ್ಲ ಮಗಳ ಮೂಲಕ ಸಾಗುತ್ತಿತ್ತು.

ಅಕ್ಟೋಬರ್ ಕೊನೆಗೆ ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹಬ್ಬ ಹ್ಯಾಲೋವೀನ್. ಹೋದ ವರ್ಷ ಅದಾದ ಮರುವಾರ ಆ ಅಂಕಿ ಒಂದೇ ಏಟಿಗೆ ಒಂಬತ್ತು ಸಾವಿರ ಬಿದ್ದಿತ್ತು. ಬೀದಿಯ ಕೊನೆಯ ಮನೆಯ ಮುದುಕ ತೀರಿಕೊಂಡು, ಅವನ ಮಕ್ಕಳು ಅವಸರಕ್ಕೆ ಸಿಕ್ಕಿದ ಬೆಲೆಗೆ ಮನೆ ಕೊಟ್ಟುಹೋಗಿದ್ದರು. ಯಂತ್ರ ಅದನ್ನು ನೋಡಿ ಬೀದಿಯನ್ನೇ ಇಳಿಸಿತ್ತು, ಅಷ್ಟೇ. ಆದರೆ ಗ್ರೆಚೆನ್ ತಲೆಯಲ್ಲಿ ಬೇರೆಯದೇ ಕೂತಿತ್ತು. ಅವರಿದ್ದ ಹಾರ್ಟ್‌ವೆಲ್ ಬೀದಿಯಲ್ಲಿ ಒಳ್ಳೆಯ ಮಿಠಾಯಿ ಕೊಡುತ್ತಾರೆಂದು ಹೆಸರಾಗಿತ್ತು. ಬೆರಳುದ್ದದ ಚೂರಲ್ಲ, ಅಂಗಡಿಯಲ್ಲಿ ಮಾರುವ ಪೂರಾ ಚಾಕೊಲೇಟ್. ಆ ಹೆಸರು ಕೇಳಿ ಹೆದ್ದಾರಿಯಾಚೆಯ ಬಾಡಿಗೆ ಅಪಾರ್ಟ್‌ಮೆಂಟುಗಳಿಂದ ವ್ಯಾನುಗಟ್ಟಲೆ ಮಕ್ಕಳು ಬಂದು ಇಳಿಯುತ್ತಿದ್ದರು. ಹೋದ ವರ್ಷ ಅವರಲ್ಲಿ ಯಾರೋ ಲೋವೆಲ್ ಫಿಂಕ್‌ನ ಮೆಟ್ಟಿಲ ಮೇಲೆ ಹಬ್ಬಕ್ಕೆಂದು ಇಟ್ಟಿದ್ದ ಕುಂಬಳಕಾಯಿಗಳನ್ನು ಒದ್ದು ಒಡೆದರು. ಬಡಾವಣೆ ಸಂಘದ ಅಧ್ಯಕ್ಷನಾದ ಲೋವೆಲ್ ಅದರ ಫೋಟೋ ತೆಗೆದು ಬಡಾವಣೆಯ ಅಂತರ್ಜಾಲ ಪುಟದಲ್ಲಿ 'ನಮ್ಮ ಬೀದಿ ಎತ್ತ ಸಾಗುತ್ತಿದೆ' ಎಂದು ಬರೆದು ಹಾಕಿದ. ಮರುವಾರ ಬೆಲೆ ಬಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಇನ್ನು ಯಾರು ಹೇಳಿದರೂ ಅವಳು ಕೇಳುವಂತಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಲೋವೆಲ್‌ನ ಗ್ಯಾರೇಜಿನಲ್ಲಿ ಸಂಘದ ಸಭೆ ಸೇರಿತು. ಮಡಚುವ ಕುರ್ಚಿಗಳು, ಬಿಸಿ ಸೇಬಿನ ರಸ. ಬೆಲೆಯ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪದ, ಸುರಕ್ಷತೆ.

"ನಮ್ಮ ಮಕ್ಕಳ ಸುರಕ್ಷತೆ ಮುಖ್ಯ ನೋಡಿ," ಅಂದ ಲೋವೆಲ್. "ಕತ್ತಲಲ್ಲಿ ಯಾರ್ಯಾರೋ ಮುಖವಾಡ ಹಾಕ್ಕೊಂಡು ಬರ್ತಾರೆ. ಯಾರು ಯಾರ ಮಗು ಅಂತ ಹೆಂಗ್ರೀ ಗೊತ್ತಾಗತ್ತೆ?"

ದಾರಿ ತೋರಿಸಿದವಳು ಗ್ರೆಚೆನ್. ಹಲ್ಲಿನ ಡಾಕ್ಟರ ಕಚೇರಿಯಲ್ಲಿ ಮುಂದಿನ ಮೇಜಿಗೆ ಕೂರುವವಳು ಅವಳು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ನಗುನಗುತ್ತಲೇ ವಾಪಸು ಕಳಿಸಬೇಕು ಎನ್ನುವುದು ಅವಳಿಗೆ ಕರತಲಾಮಲಕ.

"ಹಬ್ಬಾನ ಚರ್ಚಿನ ಪಾರ್ಕಿಂಗ್‌ನಲ್ಲಿ ಮಾಡೋಣ," ಅಂದಳು. "ನಾವೆಲ್ಲ ಕಾರು ಸಾಲಾಗಿ ನಿಲ್ಸಿ, ಡಿಕ್ಕಿ ತೆಗೆದು ಸಿಂಗಾರ ಮಾಡಿ, ಅಲ್ಲಿಂದ್ಲೇ ಮಿಠಾಯಿ ಕೊಡೋಣ. ಮಕ್ಕಳು ರಸ್ತೆ ದಾಟೋ ಹಾಗಿಲ್ಲ, ಕಾರು ಬಡಿಯೋ ಭಯ ಇಲ್ಲ. ಬೀದೀಲಿ ಎಲ್ಲರೂ ಬಾಗಿಲ ದೀಪ ಆರ್ಸಿಬಿಡೋಣ."

ಆ ಊರಿನಲ್ಲಿ ಅದಕ್ಕೊಂದು ಅರ್ಥವಿದೆ, ಮೂರು ವರ್ಷದ ಮಗುವಿಗೂ ಗೊತ್ತಿರುವ ಅರ್ಥ. ಹ್ಯಾಲೋವೀನ್ ಸಂಜೆ ಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿ ಎಂದು, ಆರಿದ್ದರೆ ಮುಂದಕ್ಕೆ ಹೋಗಿ ಎಂದು. ಬಾಯಿ ತೆರೆದು ಯಾರನ್ನೂ ಬೇಡ ಅನ್ನುವ ಕಷ್ಟವಿಲ್ಲ.

"ಅವ್ರೂ ಪಾರ್ಕಿಂಗಿಗೇ ಬಂದ್ರೆ?" ಹಿಂದಿನ ಕುರ್ಚಿಯಿಂದ ಯಾರೋ ಕೇಳಿದರು. 'ಅವರು' ಯಾರೆಂದು ಯಾರೂ ಕೇಳಲಿಲ್ಲ.

"ಕೈಗೆ ಪಟ್ಟಿ ಕಟ್ಟೋಣ," ಅಂದಳು ಗ್ರೆಚೆನ್. "ಸಂಘದ ಮನೆಗಳ ಮಕ್ಕಳಿಗೆ ಮೊದಲೇ ಹಂಚಿಬಿಡೋದು."

ಎಲ್ಲರೂ ತಲೆಯಾಡಿಸಿದರು. ಲೋವೆಲ್ ಅವಳ ಲೋಟಕ್ಕೆ ತಾನೇ ಇನ್ನಷ್ಟು ಸೇಬಿನ ರಸ ಬಗ್ಗಿಸಿದ.

ಬ್ರಿನ್‌ಗೆ ವಿಷಯ ಶಾಲೆಯಲ್ಲಿ ಗೊತ್ತಾಯಿತು. ಸಂಜೆ ಚೀಲ ಎಸೆದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಇತ್ಸೆಲ್ ಪ್ರತಿ ವರ್ಷ ನಮ್ಮ ಬೀದಿಗೇ ಬರೋದು ಅಮ್ಮ. ಈ ಸಲ ನಾವಿಬ್ರೂ ಒಟ್ಟಿಗೆ ಹೋಗ್ತೀವಿ ಅಂತ ಆಗಿತ್ತು."

ಇತ್ಸೆಲ್ ಅವಳ ತರಗತಿಯ ಹುಡುಗಿ. ಅವಳ ಮನೆ ಹೆದ್ದಾರಿಯಾಚೆ. ಇಬ್ಬರೂ ಊಟದ ಬಿಡುವಿನಲ್ಲಿ ಒಂದೇ ಬೆಂಚು, ಬಸ್ಸಿನಲ್ಲಿ ಒಂದೇ ಸೀಟು.

"ಅವರ ಕಡೆಯೂ ಏನಾದ್ರೂ ಮಾಡ್ತಾರೆ ಬಿಡು."

"ಏನೂ ಮಾಡಲ್ಲ. ಪಟ್ಟಿ ಯಾರು ಕಂಡುಹಿಡಿದಿದ್ದು? ಫಿಂಕ್ ಅಂಕಲ್ಲಾ?"

"ಸಂಘದ ನಿಯಮ ಕಣೇ," ಅಂದಳು ಗ್ರೆಚೆನ್, ಆಲೂಗಡ್ಡೆ ಸಿಪ್ಪೆ ಸುಲಿಯುವುದನ್ನು ನಿಲ್ಲಿಸದೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಅಂಥ ಮಾತಾಡುವುದರಲ್ಲಿ ಅವಳು ಪಳಗಿದವಳು.

ಮಗಳ ವಿಷಯದಲ್ಲಿ ಗ್ರೆಚೆನ್ ಯಾವುದಕ್ಕೂ ಕಡಿಮೆ ಮಾಡಿದವಳಲ್ಲ, ಅದನ್ನು ಹೇಳಲೇಬೇಕು. ಗೂಬೆ ಆಗುತ್ತೇನೆ ಎಂದ ಮಗಳಿಗೆ ಎರಡು ವಾರ ಕೂತು ಕಂದು ಬಟ್ಟೆಯ ಗರಿಗಳನ್ನು ಒಂದೊಂದಾಗಿ ಕತ್ತರಿಸಿ ಹೊಲಿದಳು. ಮುಖವಾಡ ಹಾಕಿದರೆ ಪಕ್ಕದ ಕಾರು ಕಾಣುವುದಿಲ್ಲ ಎಂದು ಮುಖಕ್ಕೆ ಬಣ್ಣವನ್ನಷ್ಟೇ ಬಳಿದಳು. ಉಡುಪಿನ ಮೇಲೆ ದಪ್ಪ ಕೋಟು, ಏಕೆಂದರೆ ಚಳಿನಾಡಾದ ಮಿನೆಸೋಟದಲ್ಲಿ ಆ ಹೊತ್ತಿಗೆ ಹಿಮ ಬಿದ್ದರೂ ಬೀಳಬಹುದು. ಕೋಟಿನ ಮೇಲೆ ಕರ್ಟ್‌ನ ಕೆಲಸದ ಅಂಗಿಯನ್ನು ಕತ್ತರಿಸಿ ಚಿಕ್ಕದು ಮಾಡಿದ ತೋಳಿಲ್ಲದ ಕವಚ. ಕಿತ್ತಳೆ ಬಣ್ಣದ್ದು, ಬೆಳಕು ಬಿದ್ದರೆ ಮಿಂಚುವ ಪಟ್ಟಿಗಳದ್ದು.

"ಗೂಬೆಗೆ ಯಾರಾದ್ರೂ ರಸ್ತೆ ರಿಪೇರಿಯವರ ಅಂಗಿ ತೊಡಿಸ್ತಾರಾ?" ಬ್ರಿನ್ ಕನ್ನಡಿಯ ಮುಂದೆ ಅಳುಮೋರೆ ಮಾಡಿದಳು. "ಎಲ್ಲಾರೂ ನಗ್ತಾರೆ."

"ನಗಲಿ. ಎಷ್ಟು ದೂರದಿಂದ ನೋಡಿದ್ರೂ ನನ್ನ ಮಗಳು ಅಂತ ಗೊತ್ತಾಗಬೇಕು ನಂಗೆ."

ಮೂವರೂ ಒಂದೇ ಕಾರಿನಲ್ಲಿ ಹೊರಟರು. ಗ್ರೆಚೆನ್ ಬಾಗಿಲ ದೀಪ ಆರಿಸಿ, ಅಂಕಿ ಒತ್ತಿದರೆ ತೆರೆಯುವ, ಮುಚ್ಚುವ ಕೀಲಿಯ ಗುಂಡಿಗಳನ್ನು ಒತ್ತಿ, ಬೀದಿಯನ್ನೊಮ್ಮೆ ನೋಡಿದಳು. ಒಂದು ಮನೆಯಲ್ಲೂ ಬೆಳಕಿಲ್ಲ. ಇದ್ದ ಎರಡು ಬೀದಿದೀಪಗಳೂ ಬೀದಿಯ ಬಾಯಲ್ಲೇ ನಿಂತಿದ್ದವು. ಮನೆಮನೆಗೂ ಬಾಗಿಲ ದೀಪವಿರುವ ಬೀದಿಗೆ ಬೇರೆ ಬೆಳಕು ಯಾಕೆಂದು ಬಡಾವಣೆ ಕಟ್ಟಿದವರು ಅಲ್ಲಿಗೇ ಬಿಟ್ಟಿದ್ದರು. ಎಲ್ಲ ಒಪ್ಪಂದದಂತೆ ನಡೆದಿದೆಯೆಂದು ಅವಳಿಗೆ ಸಮಾಧಾನವಾಯಿತು.

ಚರ್ಚಿನ ಅಂಗಳದಲ್ಲಿ ಕಾರುಗಳ ಹಿಂಬದಿಯೆಲ್ಲ ಜೇಡರ ಬಲೆ, ರಟ್ಟಿನ ಸಮಾಧಿಕಲ್ಲು, ಬ್ಯಾಟರಿ ದೀಪದ ಕುಂಬಳಕಾಯಿ. ಮಕ್ಕಳು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಬ್ಬ ಮುಗಿದುಹೋಗುತ್ತಿತ್ತು. ಮುಗಿದವರು ಮತ್ತೆ ಮೊದಲಿಂದ ಸುತ್ತುತ್ತಿದ್ದರು. ಅಪ್ಪಂದಿರು ಮುಚ್ಚಳದ ಲೋಟಗಳಲ್ಲಿ ಕಾಫಿ ಅನ್ನಿಸಿಕೊಂಡ ಬಿಯರ್ ಹೀರುತ್ತ ನಿಂತಿದ್ದರು. ಕರ್ಟ್ ಅವರ ನಡುವಿದ್ದ.

ಸ್ವಲ್ಪ ಹೊತ್ತಿಗೆ ದ್ವಾರದಲ್ಲಿ ಕಟ್ಟಿದ ಹಗ್ಗದ ಬಳಿ ಲೋವೆಲ್ ಯಾವುದೋ ಮಗುವಿನ ಮುಂದೆ ಬಗ್ಗಿ ಮಾತಾಡುತ್ತಿರುವುದು ಗ್ರೆಚೆನ್‌ಗೆ ಕಂಡಿತು. ಕಪ್ಪು ಜಾಕೆಟ್ಟಿನ, ಚೀಲ ಹಿಡಿದ ಮಗು. ಲೋವೆಲ್ ತನ್ನ ಮಣಿಕಟ್ಟು ತೋರಿಸಿ ಪಟ್ಟಿಯ ವಿಷಯ ತಿಳಿಸಿಹೇಳುತ್ತಿದ್ದ, ಬಹಳ ಮೃದುವಾಗಿ. ಕಣ್ಣು ಕಿರಿದು ಮಾಡಿ ನೋಡಿದ್ದರೆ ಯಾರೆಂದು ತಿಳಿಯುತ್ತಿತ್ತು. ಗ್ರೆಚೆನ್ ಡಿಕ್ಕಿಯೊಳಕ್ಕೆ ಬಗ್ಗಿ, ನೆಟ್ಟಗೇ ಇದ್ದ ಚಾಕೊಲೇಟುಗಳನ್ನು ಮತ್ತೆ ನೆಟ್ಟಗೆ ಜೋಡಿಸತೊಡಗಿದಳು.

ತಲೆ ಎತ್ತಿದಾಗ ಹಗ್ಗದ ಬಳಿ ಯಾರೂ ಇರಲಿಲ್ಲ.

ಅದಾದ ಮೇಲೆ, ಹತ್ತಿರ ಹತ್ತಿರ ಅರ್ಧ ತಾಸಾಗಿರಬೇಕು, ಜೇಬಿನಲ್ಲಿ ಮೊಬೈಲು ಗುಟುರು ಹಾಕಿತು. ಮನೆಯ ಕರೆಗಂಟೆಯ ಕ್ಯಾಮೆರಾ. ಬಾಗಿಲ ಮುಂದೆ ಯಾರೋ ಇದ್ದಾರೆ.

ತೆರೆದು ನೋಡಿದಳು. ದೀಪವಿಲ್ಲದ ಜಗುಲಿ, ಬೂದಿ ಕಲಸಿದಂಥ ಚಿತ್ರ. ಟೊಪ್ಪಿಗೆ ಎಳೆದುಕೊಂಡ ಇಬ್ಬರು. ಒಂದು ಆಕೃತಿ, ಗಂಡೋ ಹೆಣ್ಣೋ ತಿಳಿಯದು, ಬೆನ್ನು ಹಾಕಿ ಬೀದಿ ಕಾಯುತ್ತಿದೆ. ಇನ್ನೊಂದಕ್ಕೆ ತಲೆಬುರುಡೆಯ ಮುಖವಾಡ. ಅದು ಬಗ್ಗಿ, ಬಾಗಿಲ ಕೀಲಿಯ ಗುಂಡಿಗಳನ್ನು ಒತ್ತುತ್ತಿದೆ. ಒಮ್ಮೆ ತಪ್ಪಿತು. ಮತ್ತೆ ಒತ್ತಿತು. ಹಿಡಿ ಹಿಡಿದು ಅಲ್ಲಾಡಿಸಿತು. ಆ ಕ್ಯಾಮೆರಾದ ಉಬ್ಬುಗಣ್ಣಿಗೆ ಹತ್ತಿರ ನಿಂತ ಮಕ್ಕಳೂ ಧಡಿಯರಂತೆ ಕಾಣುತ್ತಾರೆ.

ಗ್ರೆಚೆನ್ ಮೊಬೈಲು ಎತ್ತಿ ಹಿಡಿದು ಕರೆದಳು. "ಕರ್ಟ್, ಇಲ್ಲಿ ಬಾ. ಯಾರೋ ಮನೆಗೆ ನುಗ್ತಿದ್ದಾರೆ."

ಕರ್ಟ್ ಅವಳ ಹೆಗಲ ಮೇಲಿಂದ ಇಣುಕಿದ. "ಅಪಾರ್ಟ್‌ಮೆಂಟಿನ ಪೋರರು. ಓಡ್ಸು ಅವ್ರನ್ನ. ಜೋರಾಗಿ ಹೇಳು."

ಪರದೆಯ ಮೇಲಿನ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಇಲ್ಲಿನ ಮಾತು ಅಲ್ಲಿ ಬಾಗಿಲಲ್ಲಿ ಕೇಳಿಸುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಅಲ್ಲಿನ ಮಾತು ಇಲ್ಲಿಗೆ ಕೇಳಿಸುವುದಿಲ್ಲ. ಗ್ರೆಚೆನ್ ಒತ್ತಿ ಹಿಡಿದಳು. ಒಂದು ವರ್ಷ ನುಂಗಿಕೊಂಡಿದ್ದೆಲ್ಲ, ನೆಲಮಾಳಿಗೆಯ ಗಂಡ, ಬಿದ್ದ ಒಂಬತ್ತು ಸಾವಿರ, ಕೈಗೆ ಬರಬೇಕಾದ ಮನೆ, ಎಲ್ಲ ಸೇರಿ ಗಂಟಲಿಗೆ ಬಂತು.

"ಏಯ್, ಕೈ ತೆಗಿ ಅಲ್ಲಿಂದ. ನಂಗೆಲ್ಲ ಕಾಣಿಸ್ತಿದೆ. ದೀಪ ಆರಿದ್ರೆ ಏನರ್ಥ ಅಂತ ಗೊತ್ತಾಗಲ್ವಾ ನಿಮಗೆ? ಎಲ್ಲಿಂದ ಬಂದ್ರೋ ಅಲ್ಲಿಗೇ ತೊಲಗಿ. ನಿಮ್ಮಂಥ ಕೊಳಕು ಜನ ಕಾಲಿಟ್ಟೇ ನಮ್ಮ ಬೀದಿ ಹಾಳಾಗಿದ್ದು. ತಿರುಪೆ ಎತ್ತೋಕೆ ಬೇರೆ ಜಾಗ ನೋಡ್ಕೊಳ್ಳಿ. ಇನ್ನೊಂದು ಕ್ಷಣ ಅಲ್ಲಿದ್ರೆ ಪೊಲೀಸ್ರು ಬರ್ತಾರೆ."

ತಲೆಬುರುಡೆ ಕ್ಯಾಮೆರಾದ ಕಡೆ ತಿರುಗಿ ನಿಂತಿತು. ಮುಖವಾಡದ ಕೆಳಗೆ ಏನೋ ಹೇಳುತ್ತಿತ್ತು, ಗಲ್ಲ ಅಲುಗುತ್ತಿತ್ತು. ಬೆನ್ನು ಹಾಕಿದ್ದು ಅದರ ತೋಳು ಹಿಡಿದು ಎಳೆಯಿತು. ಇಬ್ಬರೂ ಮೆಟ್ಟಿಲಿಳಿದು ಕತ್ತಲೆಗೆ ಓಡಿದರು.

"ಭಲೇ," ಅಂದ ಕರ್ಟ್. ಅವನು ಹೆಂಡತಿಯನ್ನು ಹೊಗಳಿ ಎಷ್ಟು ಕಾಲವಾಗಿತ್ತೋ.

ಗ್ರೆಚೆನ್ ತಡಮಾಡಲಿಲ್ಲ. ಕ್ಯಾಮೆರಾ ಹಿಡಿದಿಟ್ಟ ಆ ವಿಡಿಯೊ ತುಣುಕನ್ನು ಬಡಾವಣೆಯ ಪುಟಕ್ಕೆ ಹಾಕಿದಳು: 'ಎಚ್ಚರ, ಇಬ್ಬರು ಕಳ್ಳರು, ನಮ್ಮ ಬಾಗಿಲು ತೆಗೆಯಲು ನೋಡಿದರು.' ಹಾಕಿದ್ದೇ ತಡ, ಅಂಗಳದ ತುಂಬ ಮೊಬೈಲುಗಳು ಸದ್ದು ಮಾಡಿದವು. ಒಬ್ಬರು 'ಹೆದ್ದಾರಿ ದಾಟಿ ಬರುವವರಿಗೆ ಬೇಲಿಯೇ ಬೇಕು' ಎಂದು ಬರೆದರು. ಇನ್ನೊಬ್ಬರು 'ಶಭಾಷ್ ಗ್ರೆಚೆನ್' ಎಂದರು. ಲೋವೆಲ್ ಹಗ್ಗ ಬಿಟ್ಟು ಅವಳ ಕಾರಿನ ಹತ್ತಿರವೇ ಬಂದ.

"ಯಾವ ಕಡೆ ಓಡಿದ್ರು? ಇನ್ನೊಂದ್ಸಲ ಹಾಕಿ, ನೋಡೋಣ."

"ತಾಳಿ, ಬ್ರಿನ್‌ನ ಇಲ್ಲೇ ಕರ್ಕೋತೀನಿ ಮೊದ್ಲು," ಅಂದಳು ಗ್ರೆಚೆನ್. ಕಳ್ಳರು ತಿರುಗುವ ಊರಿನಲ್ಲಿ ಮಗಳು ಕಣ್ಣ ಮುಂದಿರಬೇಕಲ್ಲ.

ಕಿತ್ತಳೆ ಕವಚಕ್ಕಾಗಿ ಅಂಗಳವೆಲ್ಲ ಕಣ್ಣಾಡಿಸಿದಳು. ಅದು ಕಂಡಿತು. ಚರ್ಚಿನ ಪಕ್ಕದ ಬೆಂಚಿನ ಮೇಲೆ, ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ಅದರ ಮೇಲೆ ಕತ್ತರಿಸಿದ ಕೈಪಟ್ಟಿ.

ಗ್ರೆಚೆನ್ ಮಗಳ ಹೆಸರು ಕೂಗಿದಳು. ಕಾರುಗಳ ನಡುವೆ ಓಡಿದಳು, ಚರ್ಚಿನ ಒಳಗೆ ಹೋಗಿ ಬಂದಳು. ಸಿಂಡ್ರೆಲ್ಲಾ ಆಗಿದ್ದ ಹುಡುಗಿಯೊಬ್ಬಳು, "ಬ್ರಿನ್ ಆಗ್ಲೇ ಹೋದ್ಲು. ಫಿಂಕ್ ಅಂಕಲ್ ಇತ್ಸೆಲ್‌ನ ವಾಪಸ್ ಕಳಿಸಿದ್ರಲ್ಲ, ಅವಳ ಜೊತೆ," ಅಂದಳು.

ಲೋವೆಲ್ ಇನ್ನೂ ಅಲ್ಲೇ ನಿಂತಿದ್ದ. ಕರ್ಟ್ ಬಂದ. ಗ್ರೆಚೆನ್ ಮೊಬೈಲು ತೆಗೆದು, ದನಿ ಏರಿಸಿ, ಆ ತುಣುಕನ್ನು ಮತ್ತೆ ಹಾಕಿದಳು. ಅವಳು ಮಾತಾಡುವಾಗ ಅವಳಿಗೆ ಕೇಳಿಸದ್ದು ಯಂತ್ರಕ್ಕೆ ಕೇಳಿಸಿತ್ತು. ಎಲ್ಲವನ್ನೂ ಹಿಡಿದಿಟ್ಟಿತ್ತು.

ಮೊದಲು ಗುಂಡಿಗಳ ಕೀಕೀ. "ಕೈ ಮರಗಟ್ಟಿದೆ ಕಣೇ, ತಪ್ಪು ಒತ್ತೋಗ್ತಿದೆ," ಅನ್ನುವ ಪಿಸುಮಾತು. "ಒಳಗೆ ದೊಡ್ಡ ಚಾಕೊಲೇಟ್ ಇದೆ, ನಿಂಗೂ ಕೊಡ್ತೀನಿ ತಾಳು." ಆಮೇಲೆ ಗ್ರೆಚೆನ್ ದನಿ, ಬಾಗಿಲಿನಿಂದ, ತಗಡು ಬಡಿದ ಹಾಗೆ. ಆ ದನಿಯ ಕೆಳಗೆ, ನಡುನಡುವೆ, "ಅಮ್ಮ, ನಾನು. ಅಮ್ಮ. ನಾನು ಕಣಮ್ಮ, ಬ್ರಿನ್." ಕೊಳಕು ಜನ ಅನ್ನುವಲ್ಲಿಗೆ ಆ ಮಗುವಿನ ದನಿ ನಿಂತುಹೋಯಿತು. ತಿರುಪೆ ಅನ್ನುವಲ್ಲಿ ಇನ್ನೊಂದು ಮಗು, "ಬಾರೇ, ಹೋಗೋಣ," ಅಂದಿತು.

ಲೋವೆಲ್ ತನ್ನ ಬೂಟು ನೋಡಿಕೊಂಡ. "ಅದು, ಪುಟದಿಂದ ತೆಗೆದುಬಿಡಿ ಗ್ರೆಚೆನ್," ಅಂದು ಮೆಲ್ಲಗೆ ಹಗ್ಗದ ಕಡೆ ಹೊರಟ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಪುಟದಿಂದ ತೆಗೆದರೇನು, ಬಿಟ್ಟರೇನು.

ಆಮೇಲಿನದು ಶುದ್ಧ ಭಯ. ಹಾರ್ಟ್‌ವೆಲ್ ಬೀದಿಗೂ ಅಪಾರ್ಟ್‌ಮೆಂಟಿಗೂ ನಡುವೆ ಹೆದ್ದಾರಿ. ದಾಟುವ ಜಾಗವಿಲ್ಲ, ದೀಪವಿಲ್ಲ, ಲಾರಿಗಳು ಬೇಗ ಮನೆ ಸೇರುವ ಆತುರದಲ್ಲಿ ಬಿಟ್ಟ ಬಾಣದಂತೆ ಹೋಗುತ್ತವೆ. ಮಗಳ ಮೈಮೇಲೆ ಮಿಂಚುವ ಪಟ್ಟಿಯಿಲ್ಲ, ಕಣ್ಣಿಗೆ ಅಡ್ಡ ಮುಖವಾಡ. ಕರ್ಟ್ ಕಾರು ಓಡಿಸಿದ. ಗ್ರೆಚೆನ್ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಅಂಚನ್ನೇ ನೋಡುತ್ತ, ಬಿದ್ದ ಪ್ರತಿ ಚಿಂದಿಯೂ ಮಗುವೆಂದು ಬೆಚ್ಚುತ್ತ ಹೋದಳು. ದೇವರೇ ಎಂದು ಕರೆದು ಅಭ್ಯಾಸವಿಲ್ಲದವಳು ಯಾರ್ಯಾರನ್ನೋ ಕರೆದಳು.

ಅಪಾರ್ಟ್‌ಮೆಂಟಿನ ಹೊರಮೆಟ್ಟಿಲುಗಳ ಮೇಲೆಲ್ಲ ದೀಪವಿತ್ತು. ಇತ್ಸೆಲ್ ಯಾವ ಮನೆಯವಳೆಂದು ಕೇಳಿದ್ದಕ್ಕೆ ದೆವ್ವದ ವೇಷದ ಚಿಕ್ಕವನೊಬ್ಬ ಮೇಲಿನ ಬಾಗಿಲು ತೋರಿಸಿದ. ಬಾಗಿಲು ತೆರೆದವಳು ಇತ್ಸೆಲ್‌ಳ ತಾಯಿ ಮಾರಿಸೆಲಾ. ಅವಳ ಹಿಂದೆ ಅಡುಗೆಮನೆಯ ಮೇಜಿನಲ್ಲಿ ಬ್ರಿನ್ ಕೂತಿದ್ದಳು. ಎರಡೂ ಕೈಯಲ್ಲಿ ಬಿಸಿ ಲೋಟ, ಗಲ್ಲದ ಮೇಲೆ ಅಳಿಸಿ ಇಳಿದ ಗೂಬೆಯ ಬಣ್ಣ. ಮೊಣಕಾಲು ತರಚಿತ್ತು, ಅದಕ್ಕೆ ಯಾರೋ ಪಟ್ಟಿ ಅಂಟಿಸಿದ್ದರು. ಇತ್ಸೆಲ್ ಪಕ್ಕದಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಅವಳು ಗೆಳತಿಗೆ ಹಾಕಿಕೊಳ್ಳಲು ಕೊಟ್ಟಿದ್ದ ತಲೆಬುರುಡೆಯ ಮುಖವಾಡ ಮೇಜಿನ ಮೇಲಿತ್ತು.

"ನಾನು ಫೋನ್ ಮಾಡ್ತೀನಿ ಅಂದೆ," ಅಂದಳು ಮಾರಿಸೆಲಾ. "ಮಗು ಬೇಡ ಅಂತು. ಸ್ವಲ್ಪ ಬೆಚ್ಚಗಾದ ಮೇಲೆ ನಾನೇ ಕರ್ಕೊಂಡು ಬರೋಣ ಅಂತಿದ್ದೆ. ಒಳಗೆ ಬನ್ನಿ, ಕೂತ್ಕೊಳ್ಳಿ."

ಕೂತ್ಕೊಳ್ಳಿ ಎಂದವಳ ಮುಖದಲ್ಲಿ ಕೋಪವಿರಲಿಲ್ಲ. ಮಕ್ಕಳು ಹೇಳಿದ್ದಾರೋ ಇಲ್ಲವೋ ತಿಳಿಯದೆ ಗ್ರೆಚೆನ್ ಹೊಸ್ತಿಲಲ್ಲೇ ಒದ್ದಾಡಿದಳು. ಮುಖಕ್ಕೆ ಬಾಗಿಲು ಹಾಕಿದ್ದರೆ ಎಷ್ಟೋ ಮೇಲಿತ್ತು.

ಮಗಳನ್ನು ಕರೆದುಕೊಂಡು ಕಾರು ಹತ್ತಿದರು. ಹೆದ್ದಾರಿ ದಾಟಿದ ಮೇಲೆ ಗ್ರೆಚೆನ್ ಹಿಂದಕ್ಕೆ ತಿರುಗಿದಳು.

"ಪುಟ್ಟಾ, ನೀನು ಅಂತ ನಂಗೆ ಗೊತ್ತೇ ಆಗಲಿಲ್ಲ. ನೀನು ಅಂತ ಗೊತ್ತಿದ್ರೆ ಹಾಗಂತಿದ್ನಾ?"

"ಅದು ಗೊತ್ತು," ಅಂದಳು ಬ್ರಿನ್.

"ಮತ್ತೆ?"

"ನಾನಲ್ಲ ಅಂತ ಅಂದ್ಕೊಂಡು ಅಂದೆ. ಹಾಗಾದ್ರೆ ಅದು ಇತ್ಸೆಲ್‌ಗೆ ಅಂದಿದ್ದು ತಾನೆ. ಅವಳಿಗಾದ್ರೆ ಅನ್ಬಹುದಾ?"

ಗ್ರೆಚೆನ್ ಮುಂದಕ್ಕೆ ತಿರುಗಿ ಕೂತಳು. ಕರ್ಟ್ ಕನ್ನಡಿಯಲ್ಲಿ ಮಗಳನ್ನು ನೋಡಿದ. ಏನೂ ಅನ್ನದೆ ಇರುವುದರಲ್ಲಿ ಅವನಷ್ಟು ಜಾಣ ಇನ್ನೊಬ್ಬನಿಲ್ಲ.

ಗ್ರೆಚೆನ್ ಕೈಲಾದದ್ದನ್ನೆಲ್ಲ ಮಾಡಿದಳು. ಆ ಭಾನುವಾರ ಸೇಬಿನ ಕೇಕ್ ಬೇಯಿಸಿಕೊಂಡು ಮಾರಿಸೆಲಾ ಮನೆಗೆ ಹೋದಳು. ಮಾರಿಸೆಲಾ ಎರಡು ಕೈಯಲ್ಲಿ ತಟ್ಟೆ ಇಸಿದುಕೊಂಡು ಥ್ಯಾಂಕ್ಸ್ ಹೇಳಿದಳು, ಈ ಸಲ ಒಳಗೆ ಬನ್ನಿ ಅನ್ನಲಿಲ್ಲ. ಅಷ್ಟರಲ್ಲಿ ಮಕ್ಕಳು ಹೇಳಿದ್ದರು ಎಂದು ಕಾಣುತ್ತದೆ. ಇಲ್ಲವೇ ಆ ತುಣುಕು ಯಾರದೋ ಮೊಬೈಲಿನಿಂದ ಹೆದ್ದಾರಿ ದಾಟಿತ್ತು. ಇತ್ಸೆಲ್‌ಳನ್ನು ಮನೆಗೆ ಕರೆಯಲು ಮಗಳಿಗೆ ಹೇಳಿದಳು ಗ್ರೆಚೆನ್. "ಅವಳು ಬರಲ್ಲ," ಅಂದಳು ಬ್ರಿನ್, ಊಟದ ತಟ್ಟೆ ನೋಡುತ್ತ. ಮಗಳು ಜಗಳವಾಡಲಿಲ್ಲ, ಮುನಿಸಿಕೊಂಡು ಬಾಗಿಲು ಬಡಿಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಉಟ್ಟ ಬಟ್ಟೆ ಮಡಚಿಡುತ್ತಿದ್ದಳು. ನೆಂಟರ ಮನೆಯಲ್ಲಿ ಬಿಟ್ಟ ಮಗುವಿನ ಹಾಗೆ ಅಚ್ಚುಕಟ್ಟಾಗಿರುತ್ತಿದ್ದಳು. ಅದಕ್ಕಿಂತ ನಾಲ್ಕು ಬೈದಿದ್ದರೆ ತಾಯಿ ಬದುಕಿಕೊಳ್ಳುತ್ತಿದ್ದಳು.

ಸಂಘದವರು ಮಾತ್ರ ಎಂದಿನಂತೆಯೇ ಇದ್ದರು. "ಉದ್ದೇಶ ಒಳ್ಳೇದೇ ಇತ್ತಲ್ಲ," ಅಂದ ಲೋವೆಲ್, ಹಿಮ ಎತ್ತುವ ಸಲಿಕೆಗೆ ಒರಗಿ. "ಮಗೂನೇ ಹೇಳದೆ ಕೇಳದೆ ಹೋಗಿದ್ದು ತಪ್ಪು." ಗ್ರೆಚೆನ್‌ಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಅವನ ಮಾತು ಅರ್ಧ ಅವಳದೇ ಆಗಿತ್ತು.

ಮೇ ತಿಂಗಳಿಗೆ ಬೀದಿಯಲ್ಲಿ ಎರಡು ಮನೆಗಳು ಒಳ್ಳೆಯ ಬೆಲೆಗೆ ಹೋದವು. ಒಂದು ಬೆಳಿಗ್ಗೆ ಮೊಬೈಲಿನಲ್ಲಿ ನಾಲ್ಕು ಲಕ್ಷದ ಆರು ಸಾವಿರ ಎಂದು ಬಂತು. ಕರ್ಟ್ ಎಷ್ಟೆಂದು ಕೇಳಲಿಲ್ಲ. ಅವನೂ ಅಷ್ಟರಲ್ಲಿ ನೋಡಿಕೊಂಡಿದ್ದ. ಮನೆ ಮಾರಲು ಹಾಕಿದ ವಾರದಲ್ಲೇ ಗಿರಾಕಿ ಸಿಕ್ಕಿದರು. 'ಶಾಂತ ಬೀದಿ, ಮಕ್ಕಳಿರುವವರಿಗೆ ಹೇಳಿ ಮಾಡಿಸಿದ್ದು' ಎಂದು ದಲ್ಲಾಳಿ ಜಾಹೀರಾತಿನಲ್ಲಿ ಬರೆದಿದ್ದ.

ಗ್ರೆಚೆನ್ ಶಾಲೆಯ ಹಿಂದಿನ ಬೀದಿಯಲ್ಲಿ ತಾನು ಕಣ್ಣಿಟ್ಟಿದ್ದಂಥ ಮನೆಯನ್ನೇ ಹಿಡಿದಳು. ಮಗಳ ಕೋಣೆಗೆ ತಾನೇ ಬಣ್ಣ ಬ್ರಷ್ ಹಿಡಿದು ಬಳಿದಳು. ಕರ್ಟ್ ಮನೆ ಕೊಳ್ಳಲಿಲ್ಲ. ಬಾಡಿಗೆ ಕಡಿಮೆ, ಲಾರಿ ನಿಲ್ಲಿಸುವ ಜಾಗವೂ ಹತ್ತಿರ ಎಂದು ಹೆದ್ದಾರಿಯಾಚೆಯ ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆ ಹಿಡಿದ. ಓಡ್ಸು ಅವ್ರನ್ನ ಅಂದವನಿಗೆ ಅಲ್ಲಿ ಮೆಟ್ಟಿಲು ಹತ್ತಲು ಏನೂ ಅನ್ನಿಸಲಿಲ್ಲ.

ವಿಚ್ಛೇದನದ ಕಾಗದಗಳಿಗೆ ಸಹಿ ಹಾಕುವ ಮೊದಲು ಮಗುವಿನ ಇಷ್ಟ ಕೇಳಬೇಕು ಎಂದು, ಗಂಡ ಹೆಂಡಿರ ನಡುವೆ ಸಂಧಾನ ಮಾಡಿಸುವ ಹೆಂಗಸು ಮೂವರನ್ನೂ ಕರೆಸಿದ್ದಳು. ಮೆತ್ತನೆಯ ಕುರ್ಚಿಗಳ, ಕಾಗದದ ಕರವಸ್ತ್ರಗಳ ಡಬ್ಬಿಯಿಟ್ಟ ಕೋಣೆ. ಬ್ರಿನ್ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು.

"ಅಪ್ಪನ ಮನೇಲಿ ಇರ್ತೀನಿ," ಅಂದಳು.

ಕರ್ಟ್ ಕೂಡ ಬೆಚ್ಚಿಬಿದ್ದ. "ಪುಟ್ಟಾ, ನಂಗೆ ಚಳಿಗಾಲದಲ್ಲಿ ರಾತ್ರಿ ಕೆಲಸ..."

"ಇತ್ಸೆಲ್ ಅಮ್ಮ ನೋಡ್ಕೋತಾರೆ. ಕೇಳಿದೀನಿ. ಅಲ್ಲೇ ಮಲಗು ಅಂದ್ರು."

ಗ್ರೆಚೆನ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿಯ ಅಂಚಿಗೆ ಸರಿದಳು. ಈ ಒಂದಕ್ಕಾಗಿ ತಾನೆ ಅವಳು ಒಂದೂವರೆ ವರ್ಷ ಆ ಮನೆಯಲ್ಲಿ ಹಲ್ಲು ಕಚ್ಚಿ ಕೂತದ್ದು, ಅಂಕಿ ಕಾದದ್ದು, ಬೀದಿಗೆ ಬೀದಿಯನ್ನೇ ಕತ್ತಲೆ ಮಾಡಿಸಿದ್ದು. ನಾಚಿಕೆ ಬಿಟ್ಟು, ಹೇಳಬಾರದೆಂದು ಇಷ್ಟು ದಿನ ತಡೆದಿದ್ದನ್ನು ಹೇಳಿದಳು.

"ಅವತ್ತು ಅಪ್ಪನೂ ಪಕ್ಕದಲ್ಲೇ ಇದ್ದ ಬ್ರಿನ್. ಓಡ್ಸು ಅಂದಿದ್ದೇ ಅವನು."

"ಗೊತ್ತು. ಅಪ್ಪ ಹೇಳಿದಾನೆ." ಬ್ರಿನ್ ತಾಯಿಯ ಮುಖ ನೋಡಿದಳು, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ನೇರವಾಗಿ. "ಆದ್ರೆ ನಮ್ಮನೆ ಬಾಗಿಲಿಂದ ಬಂದಿದ್ದು ನಿನ್ನ ದನಿ."

ಸಂಧಾನದ ಹೆಂಗಸು ಕರವಸ್ತ್ರದ ಡಬ್ಬಿಯನ್ನು ಗ್ರೆಚೆನ್ ಕಡೆ ಸರಿಸಿದಳು. ಎರಡು ವಾರಕ್ಕೊಮ್ಮೆ ಶನಿವಾರ, ಭಾನುವಾರ ತಾಯಿಯ ಮನೆ ಎಂದು ತೀರ್ಮಾನವಾಯಿತು. ಗ್ರೆಚೆನ್ ತೋರಿಸಿದಲ್ಲೆಲ್ಲ ಸಹಿ ಹಾಕಿದಳು.

ಹೊರಡುವಾಗ ಬ್ರಿನ್ ಬಾಗಿಲ ಬಳಿ ನಿಂತು ತಿರುಗಿದಳು.

"ಅಮ್ಮ, ಶನಿವಾರ ನಿನ್ನ ಮನೆಗೆ ಬಂದಾಗ ನಾನು ಗಂಟೆ ಒತ್ತಬಹುದಾ? ಅಥವಾ ಮೊದಲೇ ಫೋನ್ ಮಾಡಿ, ಬಂದಿರೋದು ನಾನೇ ಅಂತ ಹೇಳಿ ಒತ್ತಲಾ?"

ಕೆಣಕಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು, ಬೇರೆಯವರ ಮನೆಗೆ ಹೋಗುವ ಮಗು ಕೇಳುವ ಹಾಗೆ. ಉತ್ತರಕ್ಕಾಗಿ ಬಾಗಿಲು ಹಿಡಿದು ಕಾಯುತ್ತಿದ್ದಳು.